ಹಳದಿ ಫೋಲ್ಡರ್ ಯಾರ ಚಿತ್ರ?

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ ಹಳೆಯದೊಂದು ಕೋಟೆಯಿದೆ. ನಾಡಿನ ಎಲ್ಲ ಊರುಗಳಂತೆ ಅಲ್ಲಿಯೂ ಝೆರಾಕ್ಸ್ ಅಂಗಡಿಯಿದೆ. ನಾನು ಹೇಳಹೊರಟಿರುವುದು ಕೋಟೆಯ ವಿಷಯವಲ್ಲ, ಅಂಗಡಿಯ ವಿಷಯ. ಪಹಣಿಗೆ, ಬೆಳೆ ವಿಮೆಗೆ, ಜಾತಿ ಪ್ರಮಾಣಪತ್ರಕ್ಕೆ, ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಜನ ಬಂದು ನಿಲ್ಲುವ ಇಂಥದೊಂದು ಅಂಗಡಿಯನ್ನು ತರುಣನೊಬ್ಬ ನಡೆಸುತ್ತಾನೆ. ಅವನು ಭಾಲ್ಕಿಗೋ ಬೀದರಿಗೋ ಹೋದ ದಿನ ಕಂಪ್ಯೂಟರಿನ ಮುಂದೆ ಕೂರುವವಳು ಅವನ ತಾಯಿ. ಆಕೆ ಓದಿದ್ದು ನಾಲ್ಕನೆಯ ಇಯತ್ತೆ. ಕನ್ನಡದ ಅಕ್ಷರ ಕೂಡಿಸಿ ಓದಬಲ್ಲಳು, ಇಂಗ್ಲಿಷ್ ಬಾರದು.

ಮಗ ಆಕೆಗಾಗಿ ಒಂದು ಸಣ್ಣ ಉಪಾಯ ಮಾಡಿದ್ದ. ಪರದೆಯ ಮೇಲಿನ ಫೋಲ್ಡರುಗಳ ಚಿತ್ರಗಳನ್ನು ಬದಲಿಸಿದ್ದ. ಪಹಣಿಗಳಿದ್ದ ಫೋಲ್ಡರಿಗೆ ತೊಗರಿಯ ಹೊಲ, ವಿಮೆಯ ಅರ್ಜಿಗಳಿಗೆ ಕೊಡೆ, ಫೋಟೊಗಳಿಗೆ ಒಂದು ಮುಖ, ಶಾಲೆಯ ಕಾಗದಗಳಿಗೆ ಪಾಟೀಚೀಲ, ಮದುವೆಯ ಆಮಂತ್ರಣಗಳಿಗೆ ಬಾಸಿಂಗ. ಬಂದವರು ಕೆಲಸ ಹೇಳುತ್ತಿದ್ದಂತೆಯೇ ಆಕೆಯ ಬೆರಳು ಸರಿಯಾದ ಚಿತ್ರದ ಮೇಲೆ ಹೋಗಿ ನಿಲ್ಲುತ್ತಿತ್ತು. ಫೋಲ್ಡರಿನ ಹೆಸರನ್ನು ಕನ್ನಡದಲ್ಲೇ ಬರೆದರಾಗದೇ ಎಂದು ಓದುಗರು ಕೇಳಬಹುದು. ಬರೆಯಬಹುದು, ಅವನು ಬರೆದೂ ಇದ್ದ. ಆದರೆ ಎದುರಿಗೆ ಏಳೆಂಟು ಜನ ಅವಸರದಲ್ಲಿ ನಿಂತಿರುವಾಗ ಒಂದೊಂದೇ ಅಕ್ಷರ ಕೂಡಿಸಿ ಓದುವುದಕ್ಕೂ, ಚಿತ್ರವನ್ನು ಕಂಡೊಡನೆ ಗುರುತು ಹಿಡಿಯುವುದಕ್ಕೂ ಬಹಳ ಅಂತರವಿದೆ. ಓದು ಚೆನ್ನಾಗಿ ಬಲ್ಲ ನಾವೂ ಮೊಬೈಲಿನಲ್ಲಿ ಬೇಕಾದುದನ್ನು ಹುಡುಕುವುದು ಹೆಸರು ಓದಿ ಅಲ್ಲ, ಬಣ್ಣ ಮತ್ತು ಆಕಾರ ನೋಡಿ.

ಒಮ್ಮೆ ಯಂತ್ರ ಕೆಟ್ಟು, ರಿಪೇರಿಯವರು ಬಂದು, ‘ಸಿ’ ಡ್ರೈವನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟು ಹೋದರು. ಕಾಗದಪತ್ರಗಳೆಲ್ಲ ‘ಡಿ’ ಡ್ರೈವಿನಲ್ಲಿದ್ದುದರಿಂದ ಒಂದು ಹಾಳೆಯೂ ಕಳೆದುಹೋಗಲಿಲ್ಲ. ಚಿತ್ರಗಳು ಮಾತ್ರ ‘ಸಿ’ಯಲ್ಲಿದ್ದವು. ಮರುದಿನ ಬೆಳಿಗ್ಗೆ ತಾಯಿ ಪರದೆ ತೆರೆದಾಗ ಇಪ್ಪತ್ತಕ್ಕೂ ಹೆಚ್ಚು ಹಳದಿ ಫೋಲ್ಡರುಗಳು ಒಂದೇ ತಾಯಿಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ‘ಎಲ್ಲಾ ಒಂದೇ ಸರಿ ಕಾಣ್ಲತ್ತಾವ್ರೀ, ಯಾವ್ದು ಯಾವ್ದಂತ ಹ್ಯಾಂಗ ಹೇಳ್ಲಿ?’ ಎಂದು ಆಕೆ ಅಂದು ಅಂಗಡಿ ಮುಚ್ಚಿದಳು. ರಿಪೇರಿಯವರನ್ನು ಫೋನಿನಲ್ಲಿ ಕೇಳಿದರೆ, ಡಾಟಾ ಒಂದೂ ಹೋಗಿಲ್ಲವಲ್ಲ, ಹೋಗಿದ್ದು ಬರೀ ಐಕಾನ್, ಅದು ಶೋಕಿಗೆ ಹಾಕಿಕೊಳ್ಳುವುದು ಎಂಬ ಉತ್ತರ ಬಂತು.

ಆ ಮಾತಿಗಾಗಿ ಅವರನ್ನು ದೂರಿ ಫಲವಿಲ್ಲ. ಅಕ್ಷರಸ್ಥ ಮಧ್ಯಮವರ್ಗದ ನಮ್ಮೆಲ್ಲರ ಅಭಿಪ್ರಾಯವೂ ಅದೇ. ಸೈಬರ್ ಕೆಫೆಗಳ ಕಾಲದಲ್ಲಿ ಹುಡುಗರು ‘ಮೈ ಕಂಪ್ಯೂಟರ್’ ಇರಬೇಕಾದಲ್ಲಿ ಸಿನಿಮಾ ನಟನ ಮುಖವನ್ನೋ ರೇಸಿನ ಕಾರನ್ನೋ ಕೂರಿಸಿದಾಗ ನಾವು ನಕ್ಕಿದ್ದೇವೆ, ಮಾಲೀಕರು ಗದರಿದ್ದಾರೆ. ಅಂದಿನಿಂದ ಐಕಾನ್ ಬದಲಿಸುವುದೆಂದರೆ ಕೆಲಸವಿಲ್ಲದವರ ಕೆಲಸ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಅದು ತಪ್ಪೆಂದು ನನ್ನ ವಾದ. ಪರದೆಯ ಮೇಲಿನ ಚಿತ್ರ ಯಾವುದಿರಬೇಕು ಎಂಬುದನ್ನು ಅದನ್ನು ಬಳಸುವವರು ನಿರ್ಧರಿಸುವುದು ಭಾಷೆಯ ಹಕ್ಕಿನಷ್ಟೇ ಮುಖ್ಯವಾದ ವಿಚಾರ. ಕನ್ನಡದ ಗಣಕ ಚಳವಳಿ ಅಕ್ಷರಕ್ಕಾಗಿ ಹೋರಾಡಿತು, ಚಿತ್ರವನ್ನು ಹಾಗೆಯೇ ಬಿಟ್ಟುಕೊಟ್ಟಿತು.

ಈ ಹಳದಿ ಫೋಲ್ಡರ್ ಬಂದದ್ದಾದರೂ ಎಲ್ಲಿಂದ? ವಿಚಿತ್ರವೆಂದರೆ ಅದರ ತವರುಮನೆಯ ಹೆಸರು ಭಾತಂಬ್ರಾದ ಆ ಅಂಗಡಿಯ ಬೋರ್ಡಿನ ಮೇಲೆಯೇ ಇದೆ. ಪರದೆಯ ಮೇಲಿನ ಪುಟ್ಟ ಚಿತ್ರಗಳಿಗೆ ‘ಐಕಾನ್’ ಎಂಬ ಹೆಸರನ್ನು ಕೊಟ್ಟವನು ಅಮೆರಿಕದ ಗಣಕ ವಿಜ್ಞಾನಿ ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್, 1975ರ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ. ಮುಂದೆ ಆತ ಝೆರಾಕ್ಸ್ ಕಂಪನಿ ಸೇರಿದ. ಆ ಕಂಪನಿ 1981ರಲ್ಲಿ ‘ಸ್ಟಾರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಪರದೆ ಒಂದು ಅಮೆರಿಕನ್ ಆಫೀಸಿನ ಮೇಜು: ಕಿವಿಯಿರುವ ರಟ್ಟಿನ ಫೋಲ್ಡರ್, ಮೂಲೆ ಮಡಿಚಿದ ಹಾಳೆ, ಕಾಗದ ಇಡುವ ಕಪಾಟು, ಒಳಬರುವ ಮತ್ತು ಹೊರಹೋಗುವ ಪತ್ರಗಳ ತಟ್ಟೆಗಳು. ಚಿತ್ರಗಳನ್ನು ಬರೆದವನು ನಾರ್ಮ್ ಕಾಕ್ಸ್. ಒಂದು ಯಂತ್ರದ ಬೆಲೆ ಹದಿನಾರು ಸಾವಿರ ಡಾಲರಿಗೂ ಹೆಚ್ಚಾಗಿದ್ದ ಕಾರಣ ವ್ಯಾಪಾರ ನೆಲಕಚ್ಚಿತು. ಆದರೆ ಚಿತ್ರಗಳು ಉಳಿದವು. ಆ್ಯಪಲ್‌ನ ಲೀಸಾ ಮತ್ತು ಮ್ಯಾಕಿಂಟಾಷ್ ಮೂಲಕ, ಮೈಕ್ರೊಸಾಫ್ಟ್‌ನ ವಿಂಡೋಸ್ ಮೂಲಕ ಲೋಕವನ್ನೆಲ್ಲ ಸುತ್ತಿದವು. ಕಂಪನಿಯ ಹೆಸರು ನಕಲು ಯಂತ್ರದ ಬೆನ್ನೇರಿ ನಮ್ಮ ಹಳ್ಳಿಗಳಿಗೆ ಬಂದರೆ, ಅದರ ಮೇಜು ಗಾಜಿನ ಪರದೆಯೊಳಗೆ ಕೂತು ಬಂತು.

ತಾಯಿಯ ತೊಡಕು ಇರುವುದು ಇಲ್ಲಿ. ಕಿವಿಯಿರುವ ಆ ರಟ್ಟಿನ ಫೋಲ್ಡರನ್ನು ಆಕೆ ಕೈಯಲ್ಲಿ ಹಿಡಿದವಳಲ್ಲ. ಬೀದರ್ ಸೀಮೆಯಲ್ಲಿ ಕಾಗದಪತ್ರ ಇಡುವುದಕ್ಕೆ ಬೇರೆಯದೇ ಸಂಪ್ರದಾಯವಿತ್ತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ನೆಲಕ್ಕೆ ಕಚೇರಿಯ ಮಾತುಗಳು ಬಂದದ್ದು ಪಾರ್ಸಿ, ಉರ್ದುವಿನಿಂದ. ದಾಖಲೆಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಗಂಟು ಬಸ್ತಾ. ದಾಖಲೆಗಳ ಸಂಗ್ರಹ ದಫ್ತರ. ಅದೇ ಪದ ಮರಾಠಿಗೆ ಹೋಗಿ ದಪ್ತರವಾಗಿ ಶಾಲೆಯ ಮಕ್ಕಳ ಚೀಲದ ಹೆಸರೂ ಆಗಿದೆ. ಈ ಭಾಗದ ಹೆಂಗಸಿಗೆ ‘ಕಾಗದಗಳನ್ನು ಒಟ್ಟಿಗೆ ಇಟ್ಟ ಜಾಗ’ ಎಂದರೆ ಕಣ್ಣಮುಂದೆ ಬರುವುದು ಕೆಂಪು ಬಟ್ಟೆಯ ಗಂಟು, ಇಲ್ಲವೇ ಟ್ರಂಕಿನ ತಳದಲ್ಲಿಟ್ಟ ಪ್ಲಾಸ್ಟಿಕ್ ಚೀಲ.

ಇನ್ನು ‘ಫೈಲ್’ ಎಂಬುದಕ್ಕೆ ನಾವು ಆರಿಸಿಕೊಂಡ ಕನ್ನಡ ಪದವನ್ನೇ ನೋಡಿ. ಕಡತ ಎಂದರೆ ಮೂಲದಲ್ಲಿ ರಟ್ಟಿನ ಹೊದಿಕೆಯಲ್ಲ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬಿಳಿಯ ಅಕ್ಷರ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ವರ್ತಕರು ಲೆಕ್ಕ ಇಡುತ್ತಿದ್ದುದು ಅದರಲ್ಲಿ, ಮಠಗಳ ಆಯವ್ಯಯ ಉಳಿದಿರುವುದು ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಪದವನ್ನು ನಮ್ಮ ಅಟ್ಟದಿಂದ ಇಳಿಸಿ, ಚಿತ್ರವನ್ನು ಮಾತ್ರ ಅಮೆರಿಕದ ಮೇಜಿನಿಂದ ತಂದೆವು. ಎರಡೂ ಒಂದಕ್ಕೊಂದು ಮುಖ ನೋಡದೆ ಒಂದೇ ಪರದೆಯ ಮೇಲೆ ಕೂತಿವೆ.

ಪದಗಳಿಗಾಗಿ ನಡೆದ ದುಡಿಮೆ ಸಣ್ಣದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಆಮೇಲೆ ಯೂನಿಕೋಡ್; ಇವಿಲ್ಲದೆ ಇಂದು ಭಾಲ್ಕಿಯ ತಹಶೀಲ್ದಾರ್ ಕಚೇರಿಯಲ್ಲಿ ಕನ್ನಡದ ಪಹಣಿ ಮುದ್ರಣವಾಗುತ್ತಿರಲಿಲ್ಲ. ಮುಕ್ತ ತಂತ್ರಾಂಶದ ಸ್ವಯಂಸೇವಕರು ಲಿನಕ್ಸ್‌ನ ಸಾವಿರಾರು ವಾಕ್ಯಗಳನ್ನು ಒಂದೊಂದಾಗಿ ಕನ್ನಡಿಸಿದರು. ಕಡತ, ಕಡತಕೋಶ, ಗಣಕತೆರೆ ಮುಂತಾದ ಪದಗಳು ಪರದೆಗೆ ಬಂದುದು ಹೀಗೆ. ವಿಂಡೋಸ್ ಎಕ್ಸ್‌ಪಿಗೂ ಕನ್ನಡದ ಪದರ ಸಿದ್ಧವಾಯಿತು. ‘ಫೋಲ್ಡರ್’ ಎನ್ನಬೇಕೋ ‘ಕಡತಕೋಶ’ ಎನ್ನಬೇಕೋ ಎಂದು ವಾದಿಸಿದಷ್ಟು ನಾವು ಆ ಪದದ ಮೇಲೆ ಯಾವ ಚಿತ್ರ ಇರಬೇಕೆಂದು ವಾದಿಸಲಿಲ್ಲ. ಚಿತ್ರಕ್ಕೆ ಭಾಷೆಯಿಲ್ಲ, ಅದು ಎಲ್ಲರಿಗೂ ಅರ್ಥವಾಗುತ್ತದೆ ಎಂದು ನಂಬಿದೆವು.

ಚಿತ್ರಕ್ಕೂ ಊರಿದೆ ಎಂಬುದನ್ನು ಈ ದೇಶ ಹಿಂದೆಯೇ ಬಲ್ಲದು. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದ ಸಾಕ್ಷರತೆ ಶೇಕಡ 18ರಷ್ಟಿತ್ತು. ಹೆಸರು ಓದಲಾರದ ಕೋಟ್ಯಂತರ ಮತದಾರರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ ಇಟ್ಟು, ಅದರ ಮೇಲೆ ಆತನ ಗುರುತನ್ನು ಅಂಟಿಸಿದರು. ಆ ಗುರುತುಗಳು ಯಾವುವು? ಜೋಡೆತ್ತು, ಗುಡಿಸಲು, ದೀಪ, ತೆನೆ-ಕುಡುಗೋಲು. ಒಂದೂ ಪರದೇಶದ ಆಫೀಸಿನಿಂದ ಬಂದದ್ದಲ್ಲ. ಹೊಲಕ್ಕೆ ಹೋಗುವವನು ಬೆಳಗಿನಿಂದ ಸಂಜೆಯವರೆಗೆ ಕಾಣುವ ವಸ್ತುಗಳು. ಆದ್ದರಿಂದಲೇ ಓದು ಬಾರದವನು ತಾನು ಬಯಸಿದ ಪೆಟ್ಟಿಗೆಯನ್ನೇ ಹುಡುಕಿ ಮತ ಹಾಕಿದ. ಗಣರಾಜ್ಯ ತನ್ನ ಪ್ರಜೆಗೆ ತೋರಿದ ಆ ಗೌರವವನ್ನು ಗಣಕ ತನ್ನ ಬಳಕೆದಾರಳಿಗೆ ತೋರಬಾರದೇ? ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಸೌಲಭ್ಯ ಯಂತ್ರದೊಳಗೇ ಇದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು, ಅದು ಸರಿಯಾದದ್ದೇ. ಕಡತವನ್ನು ಉಳಿಸಲು ನಾವು ಒತ್ತುವ ಗುಂಡಿಯ ಮೇಲೆ ಇಂದಿಗೂ ಅನೇಕ ತಂತ್ರಾಂಶಗಳಲ್ಲಿ ಫ್ಲಾಪಿ ಡಿಸ್ಕ್‌ನ ಚಿತ್ರವಿದೆ. ಜಪಾನಿನಲ್ಲಿ ಸೋನಿ ಕಂಪನಿ ಫ್ಲಾಪಿ ಮಾರಾಟವನ್ನು 2011ರಲ್ಲೇ ನಿಲ್ಲಿಸಿತು. ಇಂದು ಪದವಿ ಓದುವ ಹುಡುಗಿ ಫ್ಲಾಪಿಯನ್ನು ಕಣ್ಣಾರೆ ಕಂಡಿರಲಾರಳು, ಆದರೂ ಆ ಗುಂಡಿಯ ಕೆಲಸ ಆಕೆಗೆ ಗೊತ್ತು. ಅಂದರೆ ವಸ್ತು ಪರಿಚಯವಿಲ್ಲದಿದ್ದರೂ ಚಿತ್ರ ಅಭ್ಯಾಸಬಲದಿಂದ ಅರ್ಥ ಪಡೆಯುತ್ತದೆ, ಅಕ್ಷರದ ಹಾಗೆ. ‘ಅ’ ಎಂಬ ಅಕ್ಷರಕ್ಕೂ ಅರಸನಿಗೂ ಏನು ಹೋಲಿಕೆ? ಹಾಗಿದ್ದರೆ ಫೋಲ್ಡರಿನ ತಂಟೆಗೇಕೆ ಹೋಗಬೇಕು?

ನನ್ನ ಉತ್ತರ ಇಷ್ಟು. ವ್ಯಾಕರಣದಲ್ಲಿ ಕ್ರಿಯಾಪದ, ನಾಮಪದ ಎಂಬ ಭೇದವಿರುವಂತೆ ಪರದೆಯ ಚಿತ್ರಗಳಲ್ಲೂ ಇದೆ. ಉಳಿಸು, ಕತ್ತರಿಸು, ಅಂಟಿಸು, ಮುದ್ರಿಸು ಎಂಬವು ಕ್ರಿಯೆಗಳು. ಅವು ಹತ್ತಿಪ್ಪತ್ತಿವೆ, ಎಲ್ಲ ಯಂತ್ರಗಳಿಗೂ ಸಮಾನ. ಒಮ್ಮೆ ಕಲಿತರೆ ಭಾತಂಬ್ರಾದಲ್ಲೂ ಬೆಂಗಳೂರಿನಲ್ಲೂ ನಡೆಯುತ್ತದೆ. ಅವುಗಳನ್ನು ಬದಲಿಸುವುದು ಅವಿವೇಕ. ಆದರೆ ಫೋಲ್ಡರುಗಳು ನಾಮಪದಗಳು, ಅದರಲ್ಲೂ ಅಂಕಿತನಾಮಗಳು. ನನ್ನ ಹೊಲದ ಪಹಣಿ, ನನ್ನ ಮಗಳ ಅಂಕಪಟ್ಟಿ ನನಗೆ ಮಾತ್ರ ಸಂಬಂಧಪಟ್ಟವು. ಹಳದಿ ಫೋಲ್ಡರ್ ‘ಇದೊಂದು ಫೋಲ್ಡರ್’ ಎಂದು ಹೇಳುತ್ತದೆಯೇ ಹೊರತು ‘ಇದು ಪಹಣಿಯ ಫೋಲ್ಡರ್’ ಎಂದು ಹೇಳುವುದಿಲ್ಲ. ಊರಿನ ಎಲ್ಲರಿಗೂ ‘ಮನುಷ್ಯ’ ಎಂದೇ ಹೆಸರಿಟ್ಟಂತಾಯಿತು. ಫ್ಲಾಪಿಯನ್ನು ಅದರ ಪಾಡಿಗೆ ಬಿಡೋಣ, ಫೋಲ್ಡರನ್ನು ಬಿಡಬೇಕಿಲ್ಲ.

ಕಚೇರಿಗಳಲ್ಲಿ ಏಕರೂಪ ಇರಬೇಕಲ್ಲವೇ, ಒಬ್ಬೊಬ್ಬ ಗುಮಾಸ್ತನೂ ತನಗೆ ತೋಚಿದ ಚಿತ್ರ ಹಾಕಿಕೊಂಡರೆ ವರ್ಗವಾಗಿ ಬಂದವರ ಗತಿಯೇನು ಎಂಬುದೂ ನ್ಯಾಯವಾದ ಪ್ರಶ್ನೆ. ಹಂಚಿಕೊಂಡು ಬಳಸುವ ಯಂತ್ರಕ್ಕೆ ಎಲ್ಲರೂ ಕೂತು ಒಪ್ಪಿದ ಚಿತ್ರಗಳಿರಲಿ. ಆ ಒಪ್ಪಿಗೆ ಕಚೇರಿಯೊಳಗೆ ಆಗಬೇಕು, ಅಷ್ಟೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಚಿತ್ರ ಬದಲಿಸುವ ವಿದ್ಯೆ ಕಳ್ಳರಿಗೆ ಬಹಳ ಹಿಂದೆಯೇ ಕರಗತವಾಗಿದೆ. 2006-08ರ ಸುಮಾರಿನಲ್ಲಿ ನಮ್ಮ ಝೆರಾಕ್ಸ್ ಅಂಗಡಿ, ಕಾಲೇಜು ಲ್ಯಾಬ್‌ಗಳನ್ನೆಲ್ಲ ಕಾಡಿದ ‘ನ್ಯೂ ಫೋಲ್ಡರ್ ಡಾಟ್ ಇಎಕ್ಸ್ಇ’ ಎಂಬ ವೈರಸ್ ಹಲವರ ನೆನಪಿನಲ್ಲಿರಬಹುದು. ಅದು ನಿಜಕ್ಕೂ ಒಂದು ಪ್ರೋಗ್ರಾಂ. ಮುಖಕ್ಕೆ ಹಾಕಿಕೊಂಡದ್ದು ಹಳದಿ ಫೋಲ್ಡರಿನ ಚಿತ್ರ. ಕಡತದ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡುವುದರಿಂದ ಬಳಕೆದಾರನಿಗೆ ಕಾಣುತ್ತಿದ್ದುದು ಮುಖವೊಂದೇ. ಫೋಲ್ಡರ್ ತೆರೆಯುತ್ತಿದ್ದೇನೆಂದು ಎರಡು ಸಲ ಒತ್ತಿದರೆ ವೈರಸ್ ಎಚ್ಚೆತ್ತು, ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಬ್ಬುತ್ತಿತ್ತು. ಇಂದು ಅದೇ ವೇಷ ಮೊಬೈಲಿಗೆ ಬಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಆಮಂತ್ರಣವೆಂದೋ ಸಾರಿಗೆ ಇಲಾಖೆಯ ದಂಡದ ಚೀಟಿಯೆಂದೋ ಬರುವ ಕಡತ ವಾಸ್ತವದಲ್ಲಿ ಬ್ಯಾಂಕಿನ ಹಣ ಎಗರಿಸುವ ಆ್ಯಪ್ ಆಗಿರುತ್ತದೆ.

ಇಂಥದ್ದಕ್ಕೆ ಬಲಿಯಾಗುವವರು ಯಾರು? ಚಿತ್ರವನ್ನು ವಸ್ತುವೆಂದೇ ನಂಬಿದವರು. ತನ್ನ ಕೈಯಾರೆ ಒಮ್ಮೆ ಫೋಲ್ಡರಿನ ಮುಖ ಬದಲಿಸಿದವನಿಗೆ ಮಾತ್ರ ಐಕಾನ್ ಎಂಬುದು ತೊಗಲಲ್ಲ, ಅಂಗಿ ಎಂದು ಮನದಟ್ಟಾಗಿರುತ್ತದೆ. ‘ಅಪರಿಚಿತ ಕಡತಗಳನ್ನು ತೆರೆಯಬೇಡಿ’ ಎಂದು ಗೋಡೆಗೆ ಅಂಟಿಸುವ ಪ್ರಕಟಣೆಗಳಿಗಿಂತ ಶಾಲೆಯ ಕಂಪ್ಯೂಟರ್ ತರಗತಿಯಲ್ಲಿ ಅರ್ಧ ಗಂಟೆ ಐಕಾನ್ ಬದಲಿಸಿ ಆಡಲು ಬಿಡುವುದು ಹೆಚ್ಚು ಉಪಯುಕ್ತವೆಂದು ನಾನು ಭಾವಿಸುತ್ತೇನೆ. ನಮ್ಮ ಬಹುಪಾಲು ಲ್ಯಾಬ್‌ಗಳಲ್ಲಿ ನಡೆಯುವುದು ತದ್ವಿರುದ್ಧ. ‘ಏನನ್ನೂ ಮುಟ್ಟಬೇಡಿ’ ಎಂಬುದೇ ಮೊದಲ ಪಾಠ.

ಬದಲಿಸುವ ಕ್ರಮ ಕಷ್ಟದ್ದೇನಲ್ಲ. ವಿಂಡೋಸ್‌ನಲ್ಲಿ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕಸ್ಟಮೈಸ್ ಎಂಬ ಪುಟಕ್ಕೆ ಹೋದರೆ ಚೇಂಜ್ ಐಕಾನ್ ಎಂಬ ಗುಂಡಿ ಸಿಗುತ್ತದೆ. ಚಿತ್ರ ‘ಐಸಿಒ’ ಎಂಬ ನಮೂನೆಯಲ್ಲಿರಬೇಕು. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಅದನ್ನು ಸಿದ್ಧಪಡಿಸಬಹುದು. ವಿಂಡೋಸ್ ಈ ಆಯ್ಕೆಯನ್ನು ಫೋಲ್ಡರಿನೊಳಗಿನ ‘ಡೆಸ್ಕ್‌ಟಾಪ್ ಡಾಟ್ ಐಎನ್ಐ’ ಎಂಬ ಅಡಗಿದ ಕಡತದಲ್ಲಿ ಬರೆದಿಡುತ್ತದೆ. ಅಲ್ಲಿರುವುದು ಚಿತ್ರವಲ್ಲ, ಚಿತ್ರದ ವಿಳಾಸ. ಭಾತಂಬ್ರಾದ ಅಂಗಡಿಯಲ್ಲಿ ಆದದ್ದೂ ಇದೇ: ವಿಳಾಸ ಉಳಿಯಿತು, ಮನೆ ಬಿದ್ದಿತ್ತು. ಒಂದೊಂದು ಕಡತಕ್ಕೂ ಬೇರೆ ಬೇರೆ ಚಿತ್ರ ಕೊಡಲು ವಿಂಡೋಸ್‌ನಲ್ಲಿ ಬರುವುದಿಲ್ಲ. ಒಂದು ಬಗೆಯ ಕಡತಗಳಿಗೆಲ್ಲ ಒಂದೇ ಮುಖ. ಮ್ಯಾಕ್‌ನಲ್ಲಿ 1991ರಿಂದಲೂ ಯಾವ ಕಡತಕ್ಕೆ ಬೇಕಾದರೂ ಚಿತ್ರವನ್ನು ಅಂಟಿಸಬಹುದು. ಲಿನಕ್ಸ್‌ನಲ್ಲಿ ಇಡೀ ಯಂತ್ರದ ಚಿತ್ರಗಳ ಕಟ್ಟನ್ನೇ ಒಮ್ಮೆಗೆ ಬದಲಿಸಬಹುದು.

ಆದರೆ ಕಂಪನಿಗಳ ಮನಸ್ಸು ಒಂದೇ ದಿಕ್ಕಿನಲ್ಲಿಲ್ಲ. ಆ್ಯಪಲ್ 2025ರಲ್ಲಿ ಹೊರತಂದ ‘ಟಾಹೋ’ ಆವೃತ್ತಿಯಲ್ಲಿ ಫೋಲ್ಡರಿನ ಬಣ್ಣ ಬದಲಿಸಿ, ಮೇಲೊಂದು ಚಿಹ್ನೆ ಇಡುವುದು ಸುಲಭವಾಯಿತು. ಅದೇ ಆವೃತ್ತಿಯಲ್ಲಿ ಆ್ಯಪ್‌ಗಳ ಐಕಾನ್‌ಗಳು ಮಾತ್ರ ಮೂಲೆ ದುಂಡಾದ ಒಂದೇ ಚೌಕಟ್ಟಿನೊಳಗೆ ಕೂರಬೇಕಾಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ಆಟದಲ್ಲಿ ಕಂಪನಿಗೆ ಬೇಕಾಗಿರುವುದು ಅಂದ. ಭಾತಂಬ್ರಾದ ತಾಯಿಗೆ ಬೇಕಾಗಿರುವುದು ಗುರುತು. ಎಲ್ಲವೂ ಒಂದೇ ಆಕಾರಕ್ಕೆ ಬಂದಷ್ಟೂ ಅಂದ ಹೆಚ್ಚುತ್ತದೆ, ಗುರುತು ಕಡಿಮೆಯಾಗುತ್ತದೆ.

ಚಿತ್ರ ಬರೆಯುವವರು ಎಲ್ಲಿದ್ದಾರೆ ಎಂದು ಕೇಳುವವರಿಗೆ ಒಂದು ಪ್ರಸಂಗ ನೆನಪಿಸಬೇಕು. 1984ರ ಮ್ಯಾಕಿಂಟಾಷ್‌ನ ಚಿತ್ರಗಳನ್ನು ಬರೆದ ಸೂಸನ್ ಕೇರ್ ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಕಲೆ ಓದಿದವರು. ಆಕೆ ಕೆಲಸ ಆರಂಭಿಸಿದ್ದು ಗ್ರಾಫ್ ಹಾಳೆಯ ಪುಸ್ತಕದಲ್ಲಿ. ಅಡ್ಡಕ್ಕೆ 32, ಉದ್ದಕ್ಕೆ 32, ಒಟ್ಟು 1,024 ಚೌಕ. ಪ್ರತಿಯೊಂದೂ ಕಪ್ಪು ಇಲ್ಲವೇ ಬಿಳಿ. ಈ ಕೆಲಸವನ್ನು ಆಕೆ ಕಸೂತಿಗೂ ಹರಳು ಜೋಡಿಸುವ ಚಿತ್ರಕಲೆಗೂ ಹೋಲಿಸಿದ್ದಾರೆ. ಎಳೆ ಎಣಿಸಿ ಗೋಪುರ, ತೇರು, ಆನೆ ಹೊಲಿಯುವ ಧಾರವಾಡದ ಕಸೂತಿಯವರಿಗೆ, ಚುಕ್ಕಿ ಇಟ್ಟು ರಂಗೋಲಿ ಬಿಡುವ ನಮ್ಮ ಹೆಣ್ಣುಮಕ್ಕಳಿಗೆ ಇದರಲ್ಲಿ ಕಲಿಯುವುದು ಏನು ಉಳಿದಿದೆ? ಬೀದರಿನಲ್ಲಂತೂ ಈ ಮಾತು ಇನ್ನಷ್ಟು ಸಲ್ಲುತ್ತದೆ. ಸತು ಮತ್ತು ತಾಮ್ರದ ಪಾತ್ರೆಗೆ ಮೈಲುತುತ್ತ ಹಚ್ಚಿ ಕಪ್ಪಾಗಿಸಿ, ಕೈಯಲ್ಲೇ ಗೆರೆ ಬರೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನ ಸಹಾಯದಿಂದ ಮಿರುಗುವ ಕಪ್ಪನ್ನು ಬರಿಸುವ ಬಿದ್ರಿ ಕುಶಲಕರ್ಮಿಗಳ ಊರದು. ಅವರಲ್ಲಿ ಒಬ್ಬರಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಕಪ್ಪಿನ ಮೇಲೆ ಬಿಳಿಯಲ್ಲಿ ಒಂದು ವಸ್ತುವಿನ ಗುರುತನ್ನು ಹೇಗೆ ಮೂಡಿಸಬೇಕು ಎಂಬುದು ಅವರ ಕಸುಬಿನ ಮೊದಲ ಪಾಠ.

ಕನ್ನಡದ ಕೆಲಸಕ್ಕೆಂದು ಇರುವ ಸರ್ಕಾರಿ ಸಂಸ್ಥೆಗಳು ಮತ್ತು ಮುಕ್ತ ತಂತ್ರಾಂಶದ ಗೆಳೆಯರು ಇಂಥ ಕಲಾವಿದರನ್ನು ಕೂರಿಸಿಕೊಂಡು ನೂರೋ ಇನ್ನೂರೋ ಚಿತ್ರಗಳ ಒಂದು ಕಟ್ಟನ್ನು ಮಾಡಿ ಉಚಿತವಾಗಿ ಹಂಚಬೇಕು: ಬಸ್ತಾ, ಕಡತ, ಪಹಣಿ, ಪಡಿತರ ಚೀಟಿ, ಪಾಟೀಚೀಲ, ಕಬ್ಬು, ತೊಗರಿ, ಎಮ್ಮೆ, ಹಾಲಿನ ಕ್ಯಾನು. ಅಕ್ಷರ ವಿನ್ಯಾಸಕ್ಕೆ ಆಗುವ ವೆಚ್ಚದ ಒಂದು ಪಾಲೂ ಇದಕ್ಕೆ ಬೇಡ. ಇದರ ಜೊತೆಗೆ ಹಳ್ಳಿಗಳ ಸೇವಾ ಕೇಂದ್ರಗಳಿಗೆ ಯಂತ್ರ ಒದಗಿಸುವಾಗ ಚಿತ್ರ ಬದಲಿಸುವ ಸೌಲಭ್ಯಕ್ಕೆ ಬೀಗ ಹಾಕಬಾರದೆಂಬ ಒಂದು ಸಾಲನ್ನು ಟೆಂಡರಿನಲ್ಲಿ ಸೇರಿಸಬೇಕು.

ಅಂಗಡಿಯ ತರುಣ ಮಾತ್ರ ಯಾರ ಟೆಂಡರಿಗೂ ಕಾಯಲಿಲ್ಲ. ಎರಡು ರಾತ್ರಿ ಕೂತು ಚಿತ್ರಗಳನ್ನೆಲ್ಲ ಮತ್ತೆ ಹುಡುಕಿ, ಈ ಸಲ ‘ಡಿ’ ಡ್ರೈವಿನಲ್ಲೇ ಇಟ್ಟ. ಯಾವುದಕ್ಕೆ ಯಾವ ಚಿತ್ರ ಎಂದು ಈಗ ಹೇಳಿದವಳು ತಾಯಿ. ಕೊಡೆ ಬೇಡ, ವಿಮೆ ಕೇಳುತ್ತ ಬರುವವರು ಮಳೆ ಬಾರದವರು, ಒಣಗಿದ ಪೈರು ಹಾಕು ಎಂದಳು. ಪಿಂಚಣಿಯ ಅರ್ಜಿಗಳಿಗೆ ಊರುಗೋಲು ಬಂತು, ಆಧಾರ್‌ಗೆ ಹೆಬ್ಬೆರಳು. ಮರಣ ಪ್ರಮಾಣಪತ್ರದ ಅರ್ಜಿಗಳಿರುವ ಫೋಲ್ಡರಿಗೆ ಏನು ಹಾಕಲಿ ಎಂದು ಮಗ ಕೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಕ್ಕೇನೂ ಬ್ಯಾಡಪ್ಪ, ಹಂಗೇ ಇರ್ಲಿ’ ಎಂದಳಂತೆ. ಪರದೆಯ ಎಡ ಮೂಲೆಯಲ್ಲಿ ಅದೊಂದು ಮಾತ್ರ ಹಳದಿಯಾಗಿಯೇ ಉಳಿದಿದೆ.